ಎಳೆಯ ಮಕ್ಕಳೂ ಲೆಕ್ಕದ ಪಾಠವೂ

ಪ್ರತಿ ವರ್ಷವೂ ನಮ್ಮ ಹೈಸ್ಕೂಲಿಗೆ ಹೊಸದಾಗಿ ಸೇರಲು ಬರುವ ಬಾಲಿಕೆಯರಲ್ಲಿ ಒಂದು ವಿಶೇಷವನ್ನು ನಾವು ಕಾಣುತ್ತಿರುವೆವು. ಕನ್ನಡ ಪದ್ಯವನ್ನು ರಾಗವಾಗಿ ಓದಬಲ್ಲವಳು, ಊರಿನ ವಿಚಾರ ಕೇಳಿದರೆ ಅಂಜದೆ ಉತ್ತರ ಕೊಡುವವಳು, ಲೆಕ್ಕದ ಮಾತು ಬಂದೊಡನೆ ತಲೆ ತಗ್ಗಿಸುತ್ತಾಳೆ. ಜೊತೆಯಲ್ಲಿ ಬಂದ ತಾಯಿಯವರು ಅನೇಕ ವೇಳೆ ಈ ಶಾಲೆಯ ಹಳೆಯ ವಿದ್ಯಾರ್ಥಿನಿಯರೇ ಆಗಿರುತ್ತಾರೆ. ಅವರು ನಗುತ್ತ, "ನನಗೂ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ ಮಿಸ್, ಇವಳಿಗೂ ಹಾಗೆಯೇ" ಎನ್ನುವರು. ಮೂಗಿನ ಆಕಾರವೂ ಕೂದಲಿನ ಬಣ್ಣವೂ ತಾಯಿಯಿಂದ ಮಗಳಿಗೆ ಬರುವಂತೆ ಲೆಕ್ಕದ ಭಯವೂ ಬರುವುದೆಂದು ಈ ಮಾತಿನ ಅರ್ಥ. ನಾವು ಇದನ್ನು ಒಪ್ಪಲಾರೆವು. ಎಂಟನೆಯ ತರಗತಿಯಲ್ಲಿ ಬೀಜಗಣಿತದ ಮುಂದೆ ದಿಕ್ಕುಗಾಣದೆ ನಿಲ್ಲುವ ಹುಡುಗಿಯ ಕಷ್ಟಕ್ಕೆ ಕಾರಣವನ್ನು ಹುಡುಕುತ್ತ ಹಿಂದೆ ಹೋದರೆ, ಬಹುತೇಕ ಎರಡನೆಯ ಅಥವಾ ಮೂರನೆಯ ತರಗತಿಯಲ್ಲಿಯೇ ಬಿದ್ದ ಒಂದು ಗಂಟು ಕೈಗೆ ಸಿಗುತ್ತದೆ. ಆ ಗಂಟು ಹೇಗೆ ಬೀಳುತ್ತದೆ, ಬೀಳದಂತೆ ಎಳೆಯ ಮಕ್ಕಳಿಗೆ ಲೆಕ್ಕವನ್ನು ಯಾವ ಬಗೆಯಲ್ಲಿ ಕಲಿಸಬಹುದು ಎಂಬುದನ್ನು ಪೋಷಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಗಂಟಿನ ಸ್ವರೂಪವನ್ನು ನೋಡೋಣ. ಎರಡನೆಯ ತರಗತಿಯ ಮಗುವಿಗೆ "ನೂರ ಐದು" ಎಂದು ಬರೆಯಲು ಹೇಳಿರಿ. ಅನೇಕ ಮಕ್ಕಳು ೧೦೦೫ ಎಂದು ಬರೆಯುತ್ತಾರೆ. ಇದು ಅಲಕ್ಷ್ಯದ ಫಲವಲ್ಲ. ಮಗು ಕಿವಿಯಿಂದ ಕೇಳಿದ್ದನ್ನು ನಿಷ್ಠೆಯಿಂದ ಬರೆದಿದೆ: ನೂರು ಎಂದೊಡನೆ ೧೦೦, ಐದು ಎಂದೊಡನೆ ೫. ಇಂಥ ಮಗುವಿಗೆ ಕೆಂಪು ಶಾಯಿಯ ಗೀಟು ಏನನ್ನೂ ಕಲಿಸದು. ಬರೆಯುವ ಅಂಕಿಗೆ ಅದು ನಿಂತ ಮನೆಯಿಂದ ಬೆಲೆ ಬರುತ್ತದೆಂಬ ಸಂಗತಿ ಅದಕ್ಕೆ ಇನ್ನೂ ಗೋಚರಿಸಿಲ್ಲ. ಹೀಗಿರುವಲ್ಲಿ ಗುಣಾಕಾರ ಭಾಗಾಕಾರಗಳ ಮೆಟ್ಟಿಲುಗಳನ್ನು ಹತ್ತಿಸಿದರೆ, ಅದು ಅರ್ಥವಿಲ್ಲದ ವಿಧಿಗಳನ್ನು ಒಂದರ ಮೇಲೊಂದು ಹೊತ್ತುಕೊಳ್ಳುತ್ತ ಹೋಗುತ್ತದೆ. ಐದನೆಯ ತರಗತಿಯವರೆಗೆ ಹೊರೆ ಹೇಗೋ ನಿಲ್ಲುತ್ತದೆ, ಆಮೇಲೆ ಕುಸಿಯುತ್ತದೆ.

ಇಲ್ಲಿ ನಮ್ಮ ನುಡಿಯ ಒಂದು ಉಪಕಾರವನ್ನು ಹೇಳದೆ ಮುಂದೆ ಹೋಗಲಾಗದು. ಹನ್ನೊಂದು, ಹನ್ನೆರಡು, ಹದಿಮೂರು ಎಂಬ ಮಾತುಗಳಲ್ಲಿ ಹತ್ತು ಮುಂದೆ ನಿಂತು ಬಿಡಿ ಹಿಂದೆ ಬರುತ್ತದೆ. ಇಪ್ಪತ್ತಮೂರು, ನಲವತ್ತೇಳು ಎಂಬಲ್ಲಿಯೂ ಹಾಗೆಯೇ. ಬರವಣಿಗೆಯ ಕ್ರಮವೂ ಇದೇ. ಇಂಗ್ಲಿಷಿನ ಇಲೆವೆನ್, ಟ್ವೆಲ್ವ್ ಎಂಬ ಮಾತುಗಳಲ್ಲಿ ಹತ್ತು ಕಣ್ಣಿಗೆ ಬೀಳುವುದಿಲ್ಲ. ಹಿಂದಿಯಲ್ಲಿಯೂ ಉರ್ದುವಿನಲ್ಲಿಯೂ ಬಿಡಿಯೇ ಮೊದಲು ಬರುತ್ತದೆ. ಆದಕಾರಣ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗುವಿಗೂ ಮನೆಯಲ್ಲಿ ಕನ್ನಡದ ಎಣಿಕೆಯನ್ನು ಕಲಿಸಿರೆಂದು ನಾವು ಪೋಷಕರಿಗೆ ಸಲಹೆ ಕೊಡುತ್ತೇವೆ. ಒಂದೆರಡು ತೊಡಕುಗಳೂ ಉಂಟೆನ್ನಿ: ಹತ್ತೊಂಬತ್ತು ಎಂದರೆ ಅದರೊಳಗೆ ತೊಂಬತ್ತೂ ಕೇಳಿಸುತ್ತದೆ, ಆದುದರಿಂದ ೧೯ ಬರೆಯಬೇಕಾದಲ್ಲಿ ೯೦ ಬರೆಯುವ ಮಕ್ಕಳಿದ್ದಾರೆ. ಆದರೆ ಹತ್ತರ ಕಟ್ಟುಗಳನ್ನು ಕೈಯಲ್ಲಿ ಹಿಡಿದ ಮಗುವಿಗೆ ಒಂದು ಕಟ್ಟಿಗೂ ಒಂಬತ್ತು ಕಟ್ಟಿಗೂ ಇರುವ ಭೇದವನ್ನು ವಿವರಿಸಿ ಹೇಳಬೇಕಾಗಿಲ್ಲ.

ಕಟ್ಟು ಎಂದೆವಷ್ಟೆ. ಪ್ರಾಥಮಿಕ ತರಗತಿಯ ಅತ್ಯಂತ ಬೆಲೆಯುಳ್ಳ ಉಪಕರಣ ಎಂದರೆ ತೆಂಗಿನ ಗರಿಯ ಕಡ್ಡಿಗಳು, ಕೆಲವು ರಬ್ಬರ್ ಬ್ಯಾಂಡುಗಳು. ಹತ್ತು ಕಡ್ಡಿ ಕೂಡಿದರೆ ಒಂದು ಕಟ್ಟು. ಹತ್ತು ಕಟ್ಟು ಕೂಡಿದರೆ ಒಂದು ಹೊರೆ. ನೂರ ಐದು ಎಂಬುದು ಒಂದು ಹೊರೆ ಮತ್ತು ಐದು ಬಿಡಿ ಕಡ್ಡಿ. ಕಟ್ಟುಗಳಿರುವ ಮನೆ ಬರಿದು. ಆ ಬರಿದನ್ನು ತೋರಿಸುವುದಕ್ಕಾಗಿಯೇ ನಡುವೆ ಸೊನ್ನೆ. ಸೊನ್ನೆ ಎಂಬುದು ಏನೂ ಅಲ್ಲದ್ದಲ್ಲ, ಇಂಥ ಮನೆಯಲ್ಲಿ ಏನೂ ಇಲ್ಲವೆಂದು ಹೇಳುವ ಕಾವಲುಗಾರ ಎಂಬ ತಿಳಿವಳಿಕೆ ಏಳು ವರ್ಷದ ಮಗುವಿಗೆ ಸ್ವಲ್ಪದ್ದೇನೂ ಅಲ್ಲ.

ಈಗ ಕಳೆಯುವ ಲೆಕ್ಕಕ್ಕೆ ಬರೋಣ. ೫೨ರಲ್ಲಿ ೨೭ನ್ನು ಕಳೆಯಿರೆಂದರೆ ೩೫ ಎಂದು ಬರೆಯುವ ಮಕ್ಕಳು ಪ್ರತಿ ತರಗತಿಯಲ್ಲಿಯೂ ಇರುವರು. ಎರಡರಲ್ಲಿ ಏಳು ಹೋಗದು. ಆದುದರಿಂದ ಏಳರಲ್ಲಿ ಎರಡನ್ನು ಕಳೆದು ಐದು ಬರೆದಿದ್ದಾರೆ. ನಾವು ವಾಡಿಕೆಯಂತೆ "ಪಕ್ಕದ ಮನೆಯಿಂದ ಒಂದು ಸಾಲ ತೆಗೆದುಕೋ" ಎನ್ನುವೆವು. ಮಗು ಸಾಲ ತೆಗೆದುಕೊಳ್ಳುತ್ತದೆ. ಆದರೆ ಒಂದು ಎಂದು ತೆಗೆದುಕೊಂಡದ್ದು ಇಲ್ಲಿಗೆ ಬಂದು ಹತ್ತು ಆದದ್ದು ಹೇಗೆ, ಸಾಲವನ್ನು ಹಿಂದಿರುಗಿಸುವುದು ಎಂದು, ಎಂಬ ಪ್ರಶ್ನೆಗಳು ಅದರ ಮನಸ್ಸಿನಲ್ಲಿ ಏಳುವುದು ಸಹಜ. ಅಂಥ ಪ್ರಶ್ನೆ ಕೇಳಿದ ಮಗುವನ್ನು ಸುಮ್ಮನಿರಿಸುವ ತರಗತಿಯಲ್ಲಿ ಗಣಿತಬುದ್ಧಿ ಬೆಳೆಯದು. ಅದೇ ಮಗುವಿನ ಮುಂದೆ ಐದು ಕಟ್ಟುಗಳನ್ನೂ ಎರಡು ಬಿಡಿ ಕಡ್ಡಿಗಳನ್ನೂ ಇಟ್ಟು, "ಇದರಲ್ಲಿ ನನಗೆ ಇಪ್ಪತ್ತೇಳು ಕಡ್ಡಿ ಕೊಡು" ಎನ್ನಿರಿ. ಅದು ಎರಡು ಕಟ್ಟನ್ನು ಕೊಟ್ಟು, ಬಿಡಿ ಕಡ್ಡಿಗಳು ಸಾಲದೆ ಒಂದು ಗಳಿಗೆ ಯೋಚಿಸಿ, ಯಾರೂ ಹೇಳದೆಯೇ ಒಂದು ಕಟ್ಟಿನ ರಬ್ಬರನ್ನು ತೆಗೆದುಹಾಕುತ್ತದೆ. ಅಲ್ಲಿಗೆ ಸಾಲವೂ ಇಲ್ಲ, ಗುಟ್ಟೂ ಇಲ್ಲ. ಕಟ್ಟು ಬಿಚ್ಚಿತು, ಅಷ್ಟೆ. ಉಳಿದದ್ದು ಎರಡು ಕಟ್ಟು ಮತ್ತು ಐದು ಬಿಡಿ. ಆಮೇಲೆ ಹಲಗೆಯ ಮೇಲೆ ಅಂಕಿಯಲ್ಲಿ ಬರೆದು ತೋರಿಸಿದರೆ, ಬರೆದದ್ದು ತಾನು ಮಾಡಿದ ಕೆಲಸದ ವರದಿ ಎಂದು ಅದು ತಿಳಿಯುತ್ತದೆ.

ಇನ್ನೊಂದು ಮಗು ಬೇರೆ ಹಾದಿ ಹಿಡಿದೀತು: ೨೭ಕ್ಕೆ ೩ ಕೂಡಿದರೆ ೩೦, ಅಲ್ಲಿಂದ ೫೦ಕ್ಕೆ ೨೦, ಮತ್ತೆ ೨, ಒಟ್ಟು ೨೫. ಅಂಗಡಿಯವರು ಚಿಲ್ಲರೆ ಕೊಡುವುದೂ ಹೀಗೆಯೇ. ಇದು ಪಠ್ಯಪುಸ್ತಕದ ಕ್ರಮವಲ್ಲವೆಂದು ತಪ್ಪು ಹಾಕುವ ಉಪಾಧ್ಯಾಯಿನಿಯರೂ, "ನಿಮ್ಮ ಮಿಸ್ ಹೇಳಿದ ಹಾಗೆಯೇ ಮಾಡು" ಎನ್ನುವ ತಾಯಿತಂದೆಯರೂ ಮಗುವಿಗೆ ಒಂದೇ ಬಗೆಯ ಅಪಕಾರವನ್ನು ಮಾಡುತ್ತಾರೆ. ಎರಡು ಹಾದಿಗಳಲ್ಲಿ ಹೋಗಿ ಒಂದೇ ಊರನ್ನು ಸೇರಬಹುದೆಂಬ ಅರಿವು ಗಣಿತದಲ್ಲಿ ಬಹಳ ದೊಡ್ಡದು.

ಹಾಗಾದರೆ ಮಗ್ಗಿಯ ಗತಿ ಏನು ಎಂದು ಅಜ್ಜಂದಿರು ಕೇಳುವರು. ಅವರ ಪ್ರಶ್ನೆ ನ್ಯಾಯವಾದದ್ದು. ಕೂಲಿಮಠದ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತ, ಸಂಜೆ ಸಾಲಾಗಿ ನಿಂತು "ಎಂಟೊಂದ್ಲ ಎಂಟು, ಎಂಟೆರಡ್ಲ ಹದಿನಾರು" ಎಂದು ಕೂಗುತ್ತ, ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನೂ ಬಾಯಿಪಾಠ ಮಾಡುತ್ತಿದ್ದರು. ಈಚಿನವರು ಅದನ್ನು ಹೀಯಾಳಿಸುವುದು ವಾಡಿಕೆಯಾಗಿದೆ, ನಾವು ಹೀಯಾಳಿಸೆವು. ಏಕೆಂದರೆ ಆ ಕಾಲದ ಮಗುವಿಗೆ ಮಗ್ಗಿಯ ಅರ್ಥವು ಶಾಲೆಯ ಹೊರಗೆ ದೊರೆಯುತ್ತಿತ್ತು. ನಾಲ್ಕು ಪಾವಿಗೆ ಒಂದು ಸೇರೆಂಬುದನ್ನು ಅಡಿಗೆಮನೆಯಲ್ಲಿ ಅಕ್ಕಿ ಅಳೆಯುವಾಗ ಕೈಯೇ ಕಲಿಯುತ್ತಿತ್ತು. ಹದಿನಾರು ಆಣೆಗೆ ಒಂದು ರೂಪಾಯಿ ಇದ್ದಾಗ ಅರೆ ರೂಪಾಯಿ ಎಂದರೆ ಎಂಟಾಣೆ, ಕಾಲು ಎಂದರೆ ನಾಲ್ಕಾಣೆ, ಅರೆಕಾಲು ಎಂದರೆ ಎರಡಾಣೆ. ಹೀಗೆ ಮಡಿಸುತ್ತ ಹೋದರೂ ಲೆಕ್ಕ ಮುರಿಯುತ್ತಿರಲಿಲ್ಲ. ಹದಿನಾರರಲ್ಲಿ ಒಂದು ಪಾಲಿಗೆ ವೀಸ ಎಂಬ ಅಂದವಾದ ಹೆಸರೇ ನಮ್ಮಲ್ಲಿ ಉಂಟು. ೧೯೫೭ನೆಯ ಏಪ್ರಿಲ್ ೧ರಂದು ನೂರು ಪೈಸೆಯ ರೂಪಾಯಿ ಬಂದಿತು. ಸೇರು ಪಾವುಗಳ ಸ್ಥಾನವನ್ನು ಕಿಲೋಗ್ರಾಮು ಲೀಟರುಗಳು ಪಡೆದುವು. ವ್ಯಾಪಾರಕ್ಕೆ ಇದರಿಂದ ಆದ ಅನುಕೂಲ ಅಪಾರ. ಆದರೆ ಭಿನ್ನರಾಶಿಯು ಅಂದಿನಿಂದ ಮನೆಯನ್ನು ಬಿಟ್ಟು ಪುಸ್ತಕವನ್ನು ಸೇರಿತು. ಈಗಿನ ಮಗುವು ಮೊಬೈಲಿನಿಂದ ಹಣ ಕೊಡುವ ತಂದೆಯನ್ನು ನೋಡುತ್ತ ಬೆಳೆಯುವುದರಿಂದ ನಾಣ್ಯವನ್ನೂ ಎಣಿಸದು. ಅರ್ಥವನ್ನು ಮನೆಯು ಒದಗಿಸುತ್ತಿದ್ದ ಕಾಲದಲ್ಲಿ ಶಾಲೆಯು ಮಗ್ಗಿಯನ್ನಷ್ಟೇ ಕಲಿಸಿದರೂ ನಡೆಯುತ್ತಿತ್ತು. ಮನೆ ಆ ಕೆಲಸವನ್ನು ಬಿಟ್ಟ ಮೇಲೆ ಶಾಲೆಯೇ ಅದನ್ನು ವಹಿಸಿಕೊಳ್ಳಬೇಕಾಗಿದೆ.

ಕನ್ನಡನಾಡಿಗೆ ಲೆಕ್ಕವು ಹೊರಗಿನಿಂದ ಬಂದ ವಸ್ತುವೇನೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದುವನ್ನು ಕನ್ನಡದಲ್ಲಿಯೇ ಬರೆದನು. ಹೆಸರೇ ಹೇಳುವಂತೆ ವ್ಯವಹಾರವೂ ಕ್ಷೇತ್ರವೂ, ಎಂದರೆ ಅಂಗಡಿಯೂ ಹೊಲವೂ, ಅಂದಿನ ಗಣಿತದ ಪಾಠಶಾಲೆಗಳು.

ಯೂರೋಪಿನಲ್ಲಿ ಪೆಸ್ಟಲಾಟ್ಸಿ, ಫ್ರೋಬೆಲ್ ಮೊದಲಾದವರು ವಸ್ತುವನ್ನು ಮುಂದಿಟ್ಟು ಪಾಠ ಹೇಳುವ ಕ್ರಮವನ್ನು ಪ್ರಚಾರಕ್ಕೆ ತಂದರು. ಇಟಲಿಯ ವೈದ್ಯೆ ಮರಿಯಾ ಮಾಂಟೆಸೊರಿಯವರು ೧೯೦೭ರಲ್ಲಿ ರೋಮಿನ ಬಡವರ ಕೇರಿಯೊಂದರಲ್ಲಿ ಮಕ್ಕಳ ಮನೆಯನ್ನು ತೆರೆದರು. ೧೯೩೯ರಲ್ಲಿ ಮದರಾಸಿನ ಅಡಯಾರಿಗೆ ಬಂದು, ಮಹಾಯುದ್ಧದ ಕಾರಣ ತಮ್ಮ ದೇಶಕ್ಕೆ ಹಿಂದಿರುಗಲಾರದೆ, ಕೆಲವು ಕಾಲ ಕೊಡೈಕನಾಲಿನಲ್ಲಿಯೂ ಇದ್ದು ನೂರಾರು ಉಪಾಧ್ಯಾಯರಿಗೆ ಶಿಕ್ಷಣ ಕೊಟ್ಟರು. ಅವರ ಹೊಂಬಣ್ಣದ ಮಣಿಗಳು ಈಗಲೂ ಪ್ರಸಿದ್ಧ: ಒಂದು ಬಿಡಿ ಮಣಿ, ಹತ್ತು ಮಣಿಗಳ ಸರ, ನೂರರ ಚೌಕ, ಸಾವಿರದ ಘನ. ಸಾವಿರವು ಒಂದಕ್ಕಿಂತ ಎಷ್ಟು ಭಾರವೆಂಬುದನ್ನು ಮಗುವಿನ ಅಂಗೈ ಇವುಗಳಿಂದ ಅರಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರರು ೧೯೬೦ರ ದಶಕದಲ್ಲಿ ಈ ಅನುಭವವನ್ನೇ ಕ್ರಮಬದ್ಧವಾಗಿ ಹೇಳಿದರು. ಅವರ ಪ್ರಕಾರ ತಿಳಿವಳಿಕೆಯು ಮೊದಲು ಕೆಲಸದಲ್ಲಿಯೂ, ಅನಂತರ ಚಿತ್ರದಲ್ಲಿಯೂ, ಕಡೆಗೆ ಸಂಕೇತದಲ್ಲಿಯೂ ನೆಲೆಗೊಳ್ಳುವುದು.

ನಮ್ಮ ಮೊಹಲ್ಲೆಗೆ ಯಾರ ಹೆಸರನ್ನು ಇಟ್ಟಿದೆಯೋ ಆ ವಿನೋಬಾ ಭಾವೆಯವರು ಗಣಿತಪ್ರಿಯರೆಂಬುದು ನಮ್ಮ ಮಕ್ಕಳಲ್ಲಿ ಅನೇಕರಿಗೆ ತಿಳಿಯದು. ೧೯೩೭ರಲ್ಲಿ ವರ್ಧಾದಲ್ಲಿ ರೂಪುಗೊಂಡ ಮೂಲಶಿಕ್ಷಣದ ಯೋಜನೆಗೆ ಅವರ ಬೆಂಬಲವಿತ್ತು. ತಕಲಿಯಲ್ಲಿ ನೂತ ನೂಲನ್ನು ಎಣಿಸುವುದು, ಅಳೆಯುವುದು, ತೂಗುವುದು ಇವೇ ಅಲ್ಲಿ ಲೆಕ್ಕದ ಪಾಠಗಳು. ಆ ಯೋಜನೆಯು ದೇಶದಲ್ಲಿ ಬೇರೂರಲಿಲ್ಲ. ಕಸುಬಿಗೂ ಪುಸ್ತಕಕ್ಕೂ ನಡುವೆ ಪೋಷಕರ ಮನಸ್ಸು ಪುಸ್ತಕದ ಕಡೆಗೇ ವಾಲಿತು.

ಕರ್ನಾಟಕದಲ್ಲಿ ಈಚೆಗೆ ನಡೆದ ಎರಡು ಪ್ರಯತ್ನಗಳನ್ನು ಇಲ್ಲಿ ಹೇಳಬೇಕು. ೧೯೯೦ರ ದಶಕದ ಮಧ್ಯದಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಕೆಲವು ಸರ್ಕಾರಿ ಶಾಲೆಗಳ ಉಪಾಧ್ಯಾಯರು ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫಿನ ನೆರವಿನಿಂದ ನಲಿ-ಕಲಿ ಎಂಬ ಪದ್ಧತಿಯನ್ನು ಆರಂಭಿಸಿದರು. ೨೦೦೯-೧೦ರಿಂದ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳಗಿನ ತರಗತಿಗಳಿಗೆ ವ್ಯಾಪಿಸಿತು. ಅಲ್ಲಿ ಮಕ್ಕಳು ಸಾಲು ಬೆಂಚಿನ ಮೇಲೆ ಕೂರದೆ ಗುಂಪುಗುಂಪಾಗಿ ನೆಲದ ಮೇಲೆ ಕುಳಿತು, ಕಾರ್ಡುಗಳನ್ನು ಹಿಡಿದು, ಕಲಿಕೆಯ ಏಣಿಯಲ್ಲಿ ತಮ್ಮ ತಮ್ಮ ಮೆಟ್ಟಿಲಿನಿಂದ ಮುಂದಕ್ಕೆ ಏರುವರು. ಕೆಲವರಿಗೆ ಶಿಕ್ಷಕರ ನೆರವು, ಕೆಲವರಿಗೆ ಗೆಳೆಯರ ನೆರವು, ಕೆಲವರದು ಸ್ವಂತ ಕಲಿಕೆ. ಹತ್ತು ದಿನ ಜ್ವರದಿಂದ ಮಲಗಿದ್ದ ಮಗುವು ಹಿಂದಿರುಗಿದಾಗ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹೊರಡಬಹುದೆಂಬುದು ಈ ಪದ್ಧತಿಯ ದೊಡ್ಡ ಗುಣ. ಮೂರು ತರಗತಿಗಳ ಮಕ್ಕಳನ್ನು ಒಬ್ಬರೇ ಶಿಕ್ಷಕರು ನೋಡಿಕೊಳ್ಳಬೇಕಾದಲ್ಲಿ ಕಾರ್ಡು ತುಂಬಿಸುವುದೇ ಪಾಠವಾಗಿಬಿಡುವ ಅಪಾಯವೂ ಉಂಟು.

ಎರಡನೆಯದು ಬೆಂಗಳೂರಿನ ಅಕ್ಷರ ಫೌಂಡೇಷನ್ ರಾಜ್ಯ ಸರ್ಕಾರದೊಡನೆ ಸೇರಿ ೨೦೧೦ರ ದಶಕದಲ್ಲಿ ನಡೆಸಿದ ಗಣಿತ ಕಲಿಕಾ ಆಂದೋಲನ. ನಾಲ್ಕು ಐದನೆಯ ತರಗತಿಗಳಿಗಾಗಿ ಸರ್ಕಾರಿ ಶಾಲೆಗಳಿಗೆ ಒಂದೊಂದು ಪೆಟ್ಟಿಗೆಯ ತುಂಬ ಉಪಕರಣಗಳನ್ನು ಕೊಟ್ಟು, ಅವನ್ನು ಬಳಸುವ ಬಗೆಯನ್ನು ಶಿಕ್ಷಕರಿಗೆ ಕಲಿಸಿದರು. ಮಣಿಚೌಕಟ್ಟು, ಹತ್ತರ ಪಟ್ಟಿ ನೂರರ ಚೌಕಗಳು, ಭಿನ್ನರಾಶಿಯ ತುಂಡುಗಳು, ತಕ್ಕಡಿ, ಗಡಿಯಾರ, ಅಳತೆಯ ಟೇಪು, ಆಟದ ನೋಟು ನಾಣ್ಯಗಳು ಅದರಲ್ಲಿ ಇದ್ದುವು. ಇದರೊಡನೆ ಗ್ರಾಮಪಂಚಾಯಿತಿಯ ಮಟ್ಟದಲ್ಲಿ ಮಕ್ಕಳಿಗೆ ಗಣಿತಸ್ಪರ್ಧೆಗಳನ್ನು ಏರ್ಪಡಿಸಿ, ಊರಿನವರನ್ನೂ ಅಲ್ಲಿಗೆ ಬರಮಾಡಿದರು. ತಮ್ಮ ಮಗುವಿಗೆ ಲೆಕ್ಕ ಎಷ್ಟು ಬರುತ್ತದೆಂಬುದು ಊರ ಮುಂದೆ ತಿಳಿಯುವುದು ತಾಯಿತಂದೆಯರಿಗೆ ಸುಖಕರವಲ್ಲದಿದ್ದರೂ, ಲೆಕ್ಕದ ಮಾತು ಶಾಲೆಯ ಗೋಡೆಯನ್ನು ದಾಟಿ ಅರಳಿಕಟ್ಟೆಗೆ ಬಂದದ್ದು ಸಣ್ಣ ಸಂಗತಿಯಲ್ಲ. ಹೊಸ ಪೆಟ್ಟಿಗೆಯ ಒಂದು ಮಣಿ ಕಳೆದರೂ ಲೆಕ್ಕ ಒಪ್ಪಿಸಬೇಕಾದೀತೆಂಬ ಭಯದಿಂದ ಅದನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟ ಶಾಲೆಗಳನ್ನೂ ನಾವು ಕಂಡಿದ್ದೇವೆ. ಹುಣಿಸೆ ಬೀಜಕ್ಕೆ ಆ ಭಯವಿಲ್ಲ.

ಹುಣಿಸೆ ಬೀಜದಿಂದಲೇ ಮಗ್ಗಿಯ ಮಾತಿಗೆ ಹಿಂದಿರುಗೋಣ. ಎಂಟೇಳು ಎಷ್ಟೆಂಬುದು ಮಕ್ಕಳಿಗೆ ಅತ್ಯಂತ ಕಷ್ಟವಾದ ಮಗ್ಗಿಯ ಸಾಲು. ನೆಲದ ಮೇಲೆ ಸಾಲಿಗೆ ಎಂಟರಂತೆ ಏಳು ಸಾಲು ಬೀಜಗಳನ್ನು ಜೋಡಿಸಲಿ. ಐದು ಸಾಲುಗಳ ಕೆಳಗೆ ಒಂದು ಕಡ್ಡಿಯನ್ನಿಟ್ಟರೆ ಮೇಲೆ ಐದೆಂಟಲ ನಲವತ್ತು, ಕೆಳಗೆ ಎರಡೆಂಟಲ ಹದಿನಾರು, ಕೂಡಿದರೆ ಐವತ್ತಾರು. ಇನ್ನು ಮಗುವು ಎದ್ದು ಪಕ್ಕಕ್ಕೆ ಬಂದು ನಿಂತು ನೋಡಲಿ: ಈಗ ಸಾಲಿಗೆ ಏಳರಂತೆ ಎಂಟು ಸಾಲುಗಳು. ಬೀಜಗಳು ಕದಲಲಿಲ್ಲ, ನೋಡುವವಳು ಕದಲಿದಳು. ಏಳೆಂಟೂ ಎಂಟೇಳೂ ಒಂದೇ ಎಂಬುದನ್ನು ಹೀಗೆ ಕಂಡವಳಿಗೆ ಮಗ್ಗಿಯ ಹೊರೆ ಹೆಚ್ಚುಕಡಿಮೆ ಅರ್ಧವಾಯಿತು. ಇದಾದ ಮೇಲೆ ಬಾಯಿಪಾಠ ಮಾಡಲಿ, ಅವಶ್ಯವಾಗಿ ಮಾಡಲಿ. ಅರ್ಥ ತಿಳಿದು ಬಾಯಿಪಾಠ ಮಾಡಿದವಳು ನಡುವೆ ಒಂದು ಸಾಲನ್ನು ಮರೆತರೆ ಅದನ್ನು ತಾನೇ ಮತ್ತೆ ಕಟ್ಟಿಕೊಳ್ಳಬಲ್ಲಳು. ಅರ್ಥವಿಲ್ಲದೆ ಉರುಹೊಡೆದವಳು ಮೊದಲಿನಿಂದ ಕೂಗಿಕೊಂಡು ಬರಬೇಕು.

ಇದೇ ಜೋಡಣೆಯನ್ನು ಮೂರು ನಾಲ್ಕನೆಯ ತರಗತಿಯಲ್ಲಿ ಚೌಕುಳಿ ಕಾಗದದ ಮೇಲೆ ಮುಂದುವರಿಸಬಹುದು. ೧೪ನ್ನು ೧೨ರಿಂದ ಗುಣಿಸಲು, ಉದ್ದಕ್ಕೆ ೧೪, ಅಗಲಕ್ಕೆ ೧೨ ಮನೆಗಳ ಆಯತವನ್ನು ಗೀಟಿ, ಎರಡು ಕಡೆಯೂ ಹತ್ತರ ಬಳಿ ಬಣ್ಣದ ಗೆರೆ ಎಳೆದರೆ ನಾಲ್ಕು ತುಂಡುಗಳಾಗುತ್ತವೆ: ೧೦೦, ೪೦, ೨೦, ೮. ಒಟ್ಟು ೧೬೮. ಗುಣಾಕಾರದ ಎರಡನೆಯ ಸಾಲನ್ನು ಒಂದು ಮನೆ ಬಿಟ್ಟು ಏಕೆ ಬರೆಯುತ್ತೇವೆಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ. ಹೈಸ್ಕೂಲಿನಲ್ಲಿ ನಾವು ಎರಡು ದ್ವಿಪದಗಳನ್ನು ಗುಣಿಸಿದರೆ ನಾಲ್ಕು ಪದಗಳು ಬರುವುವೆಂದು ಹೇಳಿದಾಗ, ಈ ಚಿತ್ರವನ್ನು ಕಂಡಿರುವ ಬಾಲಿಕೆಯು "ಇದು ನನಗೆ ಗೊತ್ತು" ಎನ್ನುವಳು. ಕಾಣದವಳು ಅದನ್ನು ಹೊಸ ಸೂತ್ರವೆಂದು ಬಾಯಿಪಾಠ ಮಾಡಿ, ಪರೀಕ್ಷೆಯ ಮರುದಿನ ಮರೆಯುವಳು.

ಸಮಚಿಹ್ನೆಯ ವಿಷಯವೂ ಇಂಥದೇ. ೮ + ೪ = ☐ + ೫ ಎಂದು ಬರೆದು ಬರಿದಾದ ಮನೆಯನ್ನು ತುಂಬಿಸಿರೆಂದರೆ, ನಾಲ್ಕು ಐದನೆಯ ತರಗತಿಯ ಮಕ್ಕಳಲ್ಲಿ ಕೂಡ ಅನೇಕರು ೧೨ ಎಂದು ಬರೆಯುತ್ತಾರೆ. ಪೋಷಕರು ಇದನ್ನು ಇಂದೇ ಮನೆಯಲ್ಲಿ ಪರೀಕ್ಷಿಸಿ ನೋಡಬಹುದು. ಸಮಚಿಹ್ನೆ ಎಂದರೆ "ಉತ್ತರವನ್ನು ಇಲ್ಲಿ ಬರೆ" ಎಂಬ ಅಪ್ಪಣೆಯೆಂದು ಆ ಮಕ್ಕಳು ತಿಳಿದಿದ್ದಾರೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಎಂಟು ಮತ್ತು ನಾಲ್ಕು ಗೋಲಿಗಳು, ಇನ್ನೊಂದರಲ್ಲಿ ಐದು; ತಕ್ಕಡಿ ಸಮನಾಗಲು ಇನ್ನೆಷ್ಟು ಬೇಕೆಂದು ಕೇಳಿದರೆ ಎರಡನೆಯ ತರಗತಿಯ ಮಗುವೂ ಏಳೆಂದು ಕಂಡುಹಿಡಿಯುತ್ತದೆ. ಬೀಜಗಣಿತದ ಸಮೀಕರಣ ಎಂಬುದು ಈ ತಕ್ಕಡಿಯೇ. ಅಡಿಕೆಯ ಮಂಡಿಗಳ ಊರಾದ ಶಿವಮೊಗ್ಗದಲ್ಲಿ ತೂಕವೆಂದರೇನೆಂದು ಮಕ್ಕಳಿಗೆ ಹೊಸದಾಗಿ ಹೇಳಬೇಕೆ? ಆದರೂ ಈಗ ಎಲ್ಲೆಲ್ಲಿಯೂ ಅಂಕಿ ಹೊಳೆಯುವ ವಿದ್ಯುತ್ ತಕ್ಕಡಿಗಳೇ ಆದುದರಿಂದ ಎರಡು ತಟ್ಟೆಗಳ ತಕ್ಕಡಿಯನ್ನು ನಾವು ಹುಡುಕಿ ತರಬೇಕಾಗಿದೆ.

ಭಿನ್ನರಾಶಿಯಲ್ಲಿ ಮಕ್ಕಳು ಎಡವುವುದು ಒಂದು ಗೊತ್ತಾದ ಸ್ಥಳದಲ್ಲಿ. ಮೂರಕ್ಕಿಂತ ನಾಲ್ಕು ದೊಡ್ಡದಾದುದರಿಂದ ಮೂರನೆಯ ಒಂದಕ್ಕಿಂತ ನಾಲ್ಕನೆಯ ಒಂದು ದೊಡ್ಡದೆಂದು ಅವರು ವಾದಿಸುವರು. ಒಂದೇ ಅಳತೆಯ ಎರಡು ಕಾಗದದ ಪಟ್ಟಿಗಳನ್ನು ಕೊಟ್ಟು, ಒಂದನ್ನು ಮೂರಾಗಿಯೂ ಇನ್ನೊಂದನ್ನು ನಾಲ್ಕಾಗಿಯೂ ಮಡಿಸಲು ಹೇಳಿದರೆ ವಾದ ತಾನಾಗಿ ಮುಗಿಯುತ್ತದೆ. ಮೂವರು ಹಂಚಿಕೊಂಡ ಹೋಳಿಗೆಯಲ್ಲಿ ಹೆಚ್ಚು ಸಿಗುವುದೋ, ನಾಲ್ವರು ಹಂಚಿಕೊಂಡದ್ದರಲ್ಲಿಯೋ ಎಂಬ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟ ಮಗುವನ್ನು ನಾವು ಇದುವರೆಗೂ ಕಂಡಿಲ್ಲ. ಅರ್ಧಕ್ಕೆ ಮೂರನೆಯ ಒಂದನ್ನು ಕೂಡಿಸಿ ಐದನೆಯ ಎರಡು ಎಂದು ಬರೆಯುವವಳಿಗೆ ಲಘುತಮ ಸಾಮಾನ್ಯ ಅಪವರ್ತ್ಯದ ಉಪನ್ಯಾಸ ಬೇಡ, "ಐದರಲ್ಲಿ ಅರ್ಧ ಎಷ್ಟು?" ಎಂದು ಕೇಳಿದರೆ ಸಾಕು. ಎರಡೂವರೆ. ಹಾಗಾದರೆ ಐದನೆಯ ಎರಡು ಅರ್ಧಕ್ಕಿಂತ ಕಡಿಮೆ. ಅರ್ಧಕ್ಕೆ ಏನನ್ನೋ ಕೂಡಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾದೀತೆ? ಅವಳು ತಾನೇ ತನ್ನ ಉತ್ತರವನ್ನು ಅಳಿಸುವಳು. ಯುಕ್ತಿವಿಚಾರವೆಂದು ನಾವು ಹೇಳುವುದು ಇದನ್ನೇ. ಉತ್ತರ ಸರಿಯೋ ತಪ್ಪೋ ಎಂದು ತಿಳಿಯಲು ಉಪಾಧ್ಯಾಯಿನಿಯ ಮುಖವನ್ನು ನೋಡದೆ, ಉತ್ತರವನ್ನೇ ನೋಡುವ ಅಭ್ಯಾಸ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ ಒಂದು ಕಾಲಕ್ಕೆ ಲೇತಿನ ಮುಂದೆ ನಿಂತು ದುಡಿದ ಅಜ್ಜಂದಿರು ನಮ್ಮ ಮಕ್ಕಳಲ್ಲಿ ಕೆಲವರಿಗೆ ಇದ್ದಾರೆ. ಅಂಗುಲದ ಎಂಟನೆಯ ಮೂರಕ್ಕೂ ಹದಿನಾರನೆಯ ಐದಕ್ಕೂ ಇರುವ ವ್ಯತ್ಯಾಸವನ್ನು ಅವರಿಂದ ಕೇಳಿ ತಿಳಿಯಲಿ.

ಬಾಲಿಕೆಯರ ಶಾಲೆಯಾದುದರಿಂದ ರಂಗೋಲಿಯ ವಿಚಾರವಾಗಿ ನಾಲ್ಕು ಮಾತು ಹೇಳಲು ವಾಚಕರು ಅನುಮತಿಸಬೇಕು. ನಡುವೆ ಏಳು ಚುಕ್ಕಿ, ಸಂದಿನಲ್ಲಿ ಒಂದರವರೆಗೆ, ಎಂಬ ರಂಗೋಲಿ ಎಲ್ಲರಿಗೂ ಪರಿಚಿತ. ಮೇಲಿನಿಂದ ಕೆಳಕ್ಕೆ ಒಂದು, ಎರಡು, ಮೂರು ಎಂದು ಏಳರವರೆಗೆ ಏರಿ, ಮತ್ತೆ ಒಂದಕ್ಕೆ ಇಳಿಯುತ್ತದೆ. ಒಟ್ಟು ಚುಕ್ಕಿಗಳು ಎಷ್ಟು? ಒಂದೊಂದಾಗಿ ಕೂಡಿದರೆ ೪೯. ಐದು ಚುಕ್ಕಿಯದಾದರೆ ೨೫, ನಾಲ್ಕರದಾದರೆ ೧೬. ನಡುವಿನ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಉತ್ತರ ಬರುವುದೆಂದು ಮೂರು ನಾಲ್ಕು ರಂಗೋಲಿಗಳನ್ನು ಬರೆದ ಮೇಲೆ ಮಕ್ಕಳು ತಾವೇ ಕೂಗಿ ಹೇಳುವರು. ಆಗ ಉಪಾಧ್ಯಾಯಿನಿಯು ಕೇಳಬೇಕಾದ ಪ್ರಶ್ನೆ ಒಂದೇ: ಏಕೆ? ಬಹಳ ಹೊತ್ತು ಯಾರೂ ಮಾತನಾಡರು. ಬಳಿಕ ಒಬ್ಬಳು ತಲೆಯನ್ನು ಓರೆಮಾಡಿ ನೋಡುವಳು. ಓರೆಯಾಗಿ ನೋಡಿದರೆ ಏಳು ಚುಕ್ಕಿಗಳ ಏಳು ಸಾಲುಗಳು ಸೊಟ್ಟಗೆ ನಿಂತಿವೆ! ನಮ್ಮ ಬಾಗಿಲ ಮುಂದೆ ತಲೆಮಾರುಗಳಿಂದ ಇದ್ದ ಸಂಗತಿಯನ್ನು ಒಂಬತ್ತು ವರ್ಷದ ಹುಡುಗಿ ತರ್ಕದಿಂದ ಕಂಡುಕೊಳ್ಳುವ ಆ ಕ್ಷಣಕ್ಕೆ ಸಮನಾದುದು ಉಪಾಧ್ಯಾಯಿನಿಯ ಜೀವನದಲ್ಲಿ ಹೆಚ್ಚಿಲ್ಲ.

ಈ ಕ್ರಮಕ್ಕೆ ಪೋಷಕರಿಂದ ಬರುವ ಆಕ್ಷೇಪಣೆಗಳು ನಮಗೆ ತಿಳಿದಿವೆ. "ಮಗು ಶಾಲೆಯಲ್ಲಿ ಆಟವಾಡಿ ಬರುತ್ತದೆ, ನೋಟ್‌ಬುಕ್ಕಿನಲ್ಲಿ ಏನೂ ಇಲ್ಲ" ಎನ್ನುವರು ಕೆಲವರು. ಪಕ್ಕದ ಮನೆಯ ಮಗುವು ಮೂರಂಕಿಯ ಗುಣಾಕಾರವನ್ನು ಮಾಡುತ್ತಿರುವಾಗ ನಮ್ಮದು ಇನ್ನೂ ಬೀಜ ಜೋಡಿಸುತ್ತಿದೆ ಎಂಬ ಕಳವಳ ಇನ್ನು ಕೆಲವರದು. ನಿಧಾನವೆಂಬುದು ನಿಜ. ಸಾಲ ತೆಗೆದುಕೊಳ್ಳುವ ವಿಧಿಯನ್ನು ಒಂದು ಗಂಟೆಯಲ್ಲಿ ಹೇಳಿಕೊಡಬಹುದು. ಕಟ್ಟು ಬಿಚ್ಚಿ ಅರಿಯಲು ಎರಡು ವಾರ ಬೇಕಾದೀತು. ಆದರೆ ಆ ವಿಧಿಯನ್ನು ಮೂರನೆಯ, ನಾಲ್ಕನೆಯ, ಐದನೆಯ ತರಗತಿಗಳಲ್ಲಿ ಮತ್ತೆ ಮತ್ತೆ ಹೇಳಿಕೊಡಬೇಕಾಗುವ ಕಾಲವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸಂಜೆಯ ಅಬ್ಯಾಕಸ್ ತರಗತಿಗಳ ವಿಷಯವನ್ನೂ ಅನೇಕರು ಕೇಳುವರು. ಅವುಗಳಿಂದ ವೇಗ ಬರಬಹುದು, ನಾವು ಬೇಡವೆನ್ನೆವು. ವೇಗವು ವಿಚಾರಕ್ಕೆ ಬದಲಿಯಲ್ಲ ಎಂಬುದಷ್ಟೇ ನಮ್ಮ ಅಭಿಪ್ರಾಯ.

ಇನ್ನೊಂದು ಕಡೆಯ ಎಚ್ಚರವನ್ನೂ ಹೇಳಬೇಕು. ಉಪಕರಣವು ತಾನಾಗಿ ಏನನ್ನೂ ಕಲಿಸದು. ಬಣ್ಣದ ಕಟ್ಟಿಗೆಗಳನ್ನು ಹೇಳಿದಂತೆ ಅತ್ತಿತ್ತ ಸರಿಸಿ, ಉತ್ತರ ಎಣಿಸಿ ಬರೆದು, ಮನಸ್ಸನ್ನು ಸ್ವಲ್ಪವೂ ಉಪಯೋಗಿಸದೆ ಗಂಟೆ ಕಳೆಯಬಹುದು. "ನಿನಗೆ ಹೇಗೆ ಗೊತ್ತಾಯಿತು?", "ಬೇರೆ ರೀತಿಯಲ್ಲಿ ಮಾಡಬಹುದೆ?", "ಮಾಡುವುದಕ್ಕೆ ಮುಂಚೆ, ಸುಮಾರು ಎಷ್ಟು ಬಂದೀತು ಹೇಳು" ಎಂಬ ಪ್ರಶ್ನೆಗಳು ಜೊತೆಯಲ್ಲಿಲ್ಲದಿದ್ದರೆ ಕಡ್ಡಿಯು ಕಡ್ಡಿಯಾಗಿಯೇ ಉಳಿಯುವುದು. ಅದನ್ನು ಯಾವಾಗ ತೆಗೆದಿಡಬೇಕೆಂಬುದೂ ಮುಖ್ಯ. ಮಗು ಕಣ್ಣು ಮುಚ್ಚಿ "ಒಂದು ಕಟ್ಟನ್ನು ಬಿಚ್ಚುತ್ತೇನೆ" ಎಂದು ಹೇಳಬಲ್ಲುದಾದರೆ ಕಡ್ಡಿಯ ಕೆಲಸ ಮುಗಿಯಿತು. ಅನಂತರ ಚಿತ್ರ, ಅದರ ನಂತರ ಅಂಕಿ. ಐದನೆಯ ತರಗತಿಗೆ ಬಂದರೂ ಬೆರಳು ಮಡಿಸದೆ ಎಂಟಕ್ಕೆ ಐದನ್ನು ಕೂಡಲಾರದವಳನ್ನು ಕಂಡರೆ, ಬೆರಳನ್ನು ಗದರಿಸದೆ, ಅವಳಿಗೆ ಹತ್ತನ್ನು ಕಟ್ಟುವ ಯುಕ್ತಿ ಸಿಕ್ಕಿಲ್ಲವೆಂದು ತಿಳಿಯಬೇಕು: ಎಂಟಕ್ಕೆ ಎರಡು ಕೊಟ್ಟರೆ ಹತ್ತು, ಮಿಕ್ಕದ್ದು ಮೂರು.

ಮನೆಯಲ್ಲಿ ಮಾಡಬಹುದಾದುದು ಬಹಳವಿದೆ. ಅದಕ್ಕೆ ಹಣ ಬೇಡ, ಪುಸ್ತಕ ಬೇಡ. ಬೇಸಿಗೆಯ ರಜೆಯಲ್ಲಿ ಅಟ್ಟದ ಮೇಲಿನ ಚನ್ನೆಮಣೆಯನ್ನು ಇಳಿಸಿರಿ. ಯಾವ ಗುಳಿಯಿಂದ ಎತ್ತಿದರೆ ಕಡೆಯ ಕಾಯಿ ಎಲ್ಲಿ ಬೀಳುವುದೆಂದು ಮುಂದಾಗಿ ಎಣಿಸುವ ಮಗುವು ಯಾವ ಅಭ್ಯಾಸಪುಸ್ತಕಕ್ಕಿಂತಲೂ ಹೆಚ್ಚು ಲೆಕ್ಕ ಮಾಡುತ್ತದೆ. ಚೌಕ ಬಾರದಲ್ಲಿ ಕವಡೆ ಬೀಳುವುದನ್ನು ನೂರು ಸಲ ಬರೆದಿಡಲಿ: ನಾಲ್ಕೂ ಅಂಗಾತ ಬೀಳುವುದು ಹೆಚ್ಚೋ, ಎರಡು ಬೀಳುವುದು ಹೆಚ್ಚೋ? ತರಕಾರಿ ತರುವಾಗ ಮುನ್ನೂರ ಐವತ್ತು ಗ್ರಾಮಿಗೆ ಎಷ್ಟಾದೀತೆಂದು ಅಂಗಡಿಯವರಿಗಿಂತ ಮೊದಲು ಹೇಳಲಿ. ಹದಿನಾರು ಅಡಿ ಹಗ್ಗದಿಂದ ಅಂಗಳದಲ್ಲಿ ನಾಲ್ಕು ಮೂಲೆಯ ಮಡಿ ಮಾಡಲಿ. ಉದ್ದ ಏಳಡಿ ಅಗಲ ಒಂದಡಿಯಾದರೆ ಒಳಗೆ ಏಳು ಚದರಡಿ, ಆರು ಎರಡಾದರೆ ಹನ್ನೆರಡು, ನಾಲ್ಕು ನಾಲ್ಕಾದರೆ ಹದಿನಾರು. ಬೇಲಿ ಅಷ್ಟೇ, ಹೊಲ ಬೇರೆ! ಮೂವತ್ತೈದು ಮಕ್ಕಳು ಆಟೋವಿಗೆ ಮೂವರಂತೆ ಹೋಗಬೇಕಾದರೆ ಎಷ್ಟು ಆಟೋ ಬೇಕೆಂದು ಕೇಳಿರಿ. ಹನ್ನೊಂದು, ಶೇಷ ಎರಡು ಎಂದವಳನ್ನು, ಆ ಇಬ್ಬರು ನಡೆದು ಹೋಗುವರೋ ಎಂದು ಕೇಳಿರಿ. ಮತ್ತು ತಾಯಂದಿರಲ್ಲಿ ನಮ್ಮದೊಂದು ವಿಶೇಷ ಬೇಡಿಕೆ: "ನನಗೂ ಲೆಕ್ಕ ಬರುತ್ತಿರಲಿಲ್ಲ" ಎಂಬ ಮಾತನ್ನು ಮಗಳ ಮುಂದೆ ಆಡಬೇಡಿರಿ. ತಿಂಗಳ ಮನೆಖರ್ಚನ್ನು ಸಂಬಳದೊಳಗೆ ಹೊಂದಿಸುವವರಿಗೆ ಲೆಕ್ಕ ಬಾರದೆಂದು ನಾವು ನಂಬಲಾರೆವು.

ನಮ್ಮ ಪ್ರಾಥಮಿಕ ವಿಭಾಗದಲ್ಲಿ ಲೆಕ್ಕದ ಸಾಮಾನುಗಳಿಗಾಗಿ ಒಂದು ಬೀರುವನ್ನು ಬೇರೆಯಾಗಿ ಇಟ್ಟಿದ್ದೇವೆ. ಅದಕ್ಕೆ ಬೀಗ ಹಾಕುವುದಿಲ್ಲ. ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಉಪಯೋಗಕ್ಕಿಲ್ಲದೆ ಬಿದ್ದಿರುವ ಪಾವು, ಅಚ್ಚೇರು, ಸೇರುಗಳಿದ್ದರೆ, ಹಳೆಯ ಆಣೆ ಕಾಸುಗಳಿದ್ದರೆ, ಎರಡು ತಟ್ಟೆಯ ತಕ್ಕಡಿಯೂ ತೂಕದ ಬಟ್ಟುಗಳೂ ಇದ್ದರೆ ಅವನ್ನು ಶಾಲೆಗೆ ಕಳುಹಿಸಿಕೊಡಬೇಕೆಂದು ಪ್ರಾರ್ಥಿಸುತ್ತೇವೆ. ಕವಡೆಗಳೂ ಸಾಲದಾಗಿವೆ. ಹುಣಿಸೆ ಬೀಜ ಈ ವರ್ಷಕ್ಕೆ ಸಾಕಷ್ಟು ಇದೆ.